ಕಡಲಾಮೆಗೆ ಕೇಳಿಸಿದ ಮಾತು

ಲೋಕ ಇನ್ನೂ ಹೊಚ್ಚ ಹೊಸತಾಗಿದ್ದ ಕಾಲ. ಎಷ್ಟು ಹೊಸತು ಅಂದರೆ, ಯಾರಿಗೆ ಏನು ಹೆಸರು ಅಂತ ಹಂಚಿ ಮುಗಿದಿರಲಿಲ್ಲ.

ಆಗ ಮೂವರು ಆಮೆ ಅಕ್ಕತಂಗಿಯರು ಒಂದೇ ಕೆರೆಯಲ್ಲಿ ಇದ್ದರು. ದೊಡ್ಡವಳು ಬೆನ್ನ ತುಂಬ ನಕ್ಷತ್ರ ಬಿಡಿಸಿಕೊಂಡು ಬಯಲುಸೀಮೆಯ ಕುರುಚಲು ಕಾಡಿಗೆ ಹೋದಳು. ನಡುವಿನವಳಿಗೆ ಕೆರೆಯ ಕೆಸರೇ ಸ್ವರ್ಗ, ಅಲ್ಲೇ ಉಳಿದಳು. ಕಿರಿಯವಳು ದುಗ್ಗಿ. ಒಂದು ಕಡೆ ಕಾಲು ನಿಲ್ಲದವಳು! ಹೊಳೆ "ಬರ್ತೀಯೇನೆ?" ಅಂದದ್ದೇ ತಡ, ಹಿಂದೆಮುಂದೆ ನೋಡದೆ ಅದರ ಜೊತೆ ಕಡಲಿಗೆ ಹೋಗಿಬಿಟ್ಟಳು.

ಕಡಲು! ಅಬ್ಬಬ್ಬಾ, ಎಷ್ಟು ನೀರು! ದುಗ್ಗಿ ಈಜಿದಳು, ಈಜಿದಳು, ಈಜುತ್ತಲೇ ಇದ್ದಳು. ಈಜಿ ಈಜಿ ಅವಳ ಕಾಲುಗಳು ದೋಣಿಯ ಹುಟ್ಟಿನಂತೆ ಚಪ್ಪಟೆಯಾದವು. ಇನ್ನು ನಡೆದು ಕೆರೆಗೆ ಹೋಗುವುದು ಆಗದ ಮಾತು. ಹೋಗಲಿ ಬಿಡು ಅಂದುಕೊಂಡಳು.

ಆದರೆ ಒಂದು ದಿನ ಹೊಟ್ಟೆಯಲ್ಲಿ ಮೊಟ್ಟೆ ತುಂಬಿದವು. ಒಂದೆರಡಲ್ಲ, ನೂರು! ಅಕ್ಕಂದಿರಾದರೆ ಗುಂಡಿ ತೋಡಿ ಇಡುತ್ತಿದ್ದರು. ನೀರಿನಲ್ಲಿ ಗುಂಡಿ ತೋಡುವುದು ಹೇಗೆ?

"ಅಲೆಯಕ್ಕಾ, ನನ್ನ ಮೊಟ್ಟೆ ಇಟ್ಟುಕೊಳ್ತೀಯಾ?"

"ನಾನೇ ಒಂದು ಕಡೆ ನಿಲ್ಲೂದಿಲ್ಲ ಮಾರಾಯ್ತಿ, ನಿನ್ನ ಮೊಟ್ಟೆ ಎಲ್ಲಿ ನಿಲ್ಲಿಸಲಿ?"

"ಬಂಡೆಯಣ್ಣಾ, ನೀನು?"

"ನನ್ನ ಮೇಲೆ ಇಟ್ಟರೆ ಉರುಳಿ ಒಡೆದು ಹೋಗ್ತದೆ ತಂಗಿ."

ಮೀನುಗಳನ್ನು ಕೇಳುವ ಹಾಗೇ ಇಲ್ಲ. ಅವು ಆಗಲೇ ಬಾಯಿ ಚಪ್ಪರಿಸುತ್ತಿದ್ದವು.

ದುಗ್ಗಿ ದಡಕ್ಕೆ ಬಂದಳು. ಅಲ್ಲಿ ಏನೋ ಒಂದು ಬೆಚ್ಚಗೆ, ಮೆತ್ತಗೆ, ಉದ್ದಕ್ಕೂ ಹರಡಿಕೊಂಡಿತ್ತು. ಕೆಸರಲ್ಲಿ ಬೆಳೆದ ದುಗ್ಗಿ ಅಂಥದ್ದನ್ನು ಕಂಡವಳೇ ಅಲ್ಲ.

"ನೀನು ಯಾರು?" ಅಂತ ಕೇಳಿದಳು.

ಪಾಪ, ಅದಕ್ಕೆ ಹೆಸರಿಟ್ಟು ಮೂರೇ ದಿನ ಆಗಿತ್ತು. ಬೇರೆ ಮಾತು ಇನ್ನೂ ಬರುತ್ತಿರಲಿಲ್ಲ. ಹೊಸ ಹೆಸರಿನ ಸಂಭ್ರಮದಲ್ಲಿ, ಯಾರು ಏನು ಕೇಳಿದರೂ ಹೆಸರನ್ನೇ ಹೇಳುತ್ತಿತ್ತು.

"ಮರಳು!" ಅಂತ ಕೂಗಿತು.

ದುಗ್ಗಿ ಅಲ್ಲೇ ನಿಂತುಬಿಟ್ಟಳು. ಮರಳು ಅಂದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗು ಅಂತ ತಾನೇ? ಬಾಗಿಲಿಗೆ ಬಂದವರಿಗೆ ಹೀಗನ್ನುವುದೇ? ಮುಖ ಸಣ್ಣದು ಮಾಡಿಕೊಂಡು ನೀರಿಗೆ ಇಳಿದಳು.

ಹೊಟ್ಟೆ ಭಾರ. ಮತ್ತೆ ಬಂದಳು. "ಒಂದೇ ಒಂದು ಗುಂಡಿಯಷ್ಟು ಜಾಗ ಕೊಡು."

"ಮರಳು!"

ಮತ್ತೆ ನೀರಿಗೆ. ಮೂರನೆಯ ಸಲ ಅಳುತ್ತಲೇ ಬಂದಳು. "ಇನ್ನು ತಡೆಯಲಿಕ್ಕೆ ಆಗೂದಿಲ್ಲ. ನೀರಲ್ಲೇ ಇಟ್ಟರೆ ನನ್ನ ನೂರು ಮಕ್ಕಳೂ ಮೀನಿನ ಪಾಲು!"

"ಮರಳು! ಮರಳು!"

ದುಗ್ಗಿ ತಿರುಗಿದಳು. ಆಗ ಬಿಲದಿಂದ ಇಣುಕಿದ ಏಡಿ ಅಜ್ಜಿ ಬಿದ್ದು ಬಿದ್ದು ನಕ್ಕಳು.

"ಎಂತ ಹೆಣ್ಣೇ ನೀನು! ಅದು ನಿನ್ನನ್ನು ಓಡಿಸ್ತಾ ಇಲ್ಲ. ಅದರ ಹೆಸರೇ ಮರಳು! ಯಾರು ಅಂತ ಕೇಳಿದ್ದು ನೀನೇ ಅಲ್ವಾ?"

"ಹೆಸರಾ?!" ದುಗ್ಗಿಗೆ ಅಳುವಿನ ನಡುವೆಯೇ ನಗು ಬಂತು. ಚಪ್ಪಟೆ ಕಾಲಿನಲ್ಲಿ ಸರಸರ ಗುಂಡಿ ತೋಡಿದಳು. ಮರಳು ಸರಿದು ಸರಿದು ಜಾಗ ಕೊಟ್ಟಿತು. ಒಂದು, ಎರಡು, ಹತ್ತು, ನೂರು! ನೂರು ಮೊಟ್ಟೆಗೂ ಬೆಚ್ಚಗೆ ಹೊದ್ದಿಸಿ ಕಾಪಾಡಿತು.

ದಿನ ತುಂಬಿತು. ಪುಳಪುಳ ಅಂತ ನೂರು ಮರಿಗಳು ಮೇಲೆದ್ದವು. ಎದ್ದವೇ ಕಡಲಿನತ್ತ ಓಟ! ಸಾಕಿದ ಮರಳಿಗೆ ದುಃಖ ಉಕ್ಕಿತು. ಹೋಗಬೇಡಿ ಅನ್ನಲು ಮಾತು ಬಾರದು. ಗೊತ್ತಿದ್ದದ್ದು ತನ್ನ ಹೆಸರೊಂದೇ.

"ಮರಳು! ಮರಳು!" ಅಂತ ಹಿಂದಿನಿಂದ ಕೂಗಿತು.

ಮರಿಗಳೂ ಅಮ್ಮನ ಹಾಗೆಯೇ. ಅದು ಹೆಸರು ಅಂತ ಅವಕ್ಕೂ ತಿಳಿಯಲಿಲ್ಲ. "ಬರ್ತೇವೆ! ಬಂದೇ ಬರ್ತೇವೆ!" ಅನ್ನುತ್ತ ಅಲೆಯೊಳಗೆ ಧುಮುಕಿದವು.

ಅದಕ್ಕೇ ನೋಡು, ಕಡಲಾಮೆ ಎಷ್ಟೇ ದೂರ ಈಜಿ ಹೋಗಲಿ, ಮೊಟ್ಟೆ ಇಡುವ ಕಾಲಕ್ಕೆ ಹುಟ್ಟಿದ ದಡವನ್ನೇ ಹುಡುಕಿಕೊಂಡು ಬರುತ್ತದೆ. ಹೊನ್ನಾವರದ ಕಡಲತೀರದಲ್ಲಿ ಬೆಳಿಗ್ಗೆ ಎದ್ದು ಹೋದಾಗ ನೀರಿನಿಂದ ಮೇಲೆ ಬಂದು ಮತ್ತೆ ನೀರಿಗಿಳಿದ ಆ ಅಗಲವಾದ ಹೆಜ್ಜೆಸಾಲು ಕಂಡರೆ, ದುಗ್ಗಿಯ ಮಗಳೊಬ್ಬಳು ಕೊಟ್ಟ ಮಾತು ಉಳಿಸಿಕೊಂಡಳು ಅಂತ ತಿಳಿ.