ಹಿಡಿಯಲ್ಲಿ ಉಳಿದ ಹೆಬ್ಬೆರಳು

"ಗುರುಗಳ, ಹೊಸಾ ಪಿಸ್ತೂಲಿನಾಗ ಯಾವುದು ತಗೊಳ್ಳಲಿ?" ಎಂದು ಶಿವಲೀಲಾ ಕೇಳಿದಳು.

ಫಕೀರಪ್ಪನವರು ಕುರ್ಚಿಯಲ್ಲಿ ಕೂತಿದ್ದರು. ಸೈನ್ಯದಲ್ಲಿ ಸುಬೇದಾರರಾಗಿದ್ದು ಬಂದವರು. ಊರಾಚೆಯ ಹಳೆಯ ಕಲ್ಲುಗಣಿಯ ತಗ್ಗಿನಲ್ಲಿ ಗುರಿ ಕಲಿಸುವ ಕ್ಲಬ್ಬು ಕಟ್ಟಿದವರು. ಕೆಲವು ವರ್ಷಗಳ ಹಿಂದೆ ಅವರ ಬಲಗೈಗೆ ನಡುಕ ಹತ್ತಿತು. ನಡುಕ ಹತ್ತಿದ ವರ್ಷವೇ ಅವರು ತಮ್ಮ ಪಿಸ್ತೂಲನ್ನು, ಸರ್ಕಾರದ ಪರವಾನಗಿ ಸಮೇತ, ಶಿವಲೀಲಾಳ ಹೆಸರಿಗೆ ಮಾಡಿಸಿ ಕೊಟ್ಟಿದ್ದರು.

ಹೊಸ ಪಿಸ್ತೂಲುಗಳ ಸುದ್ದಿ ಕ್ಲಬ್ಬಿನವರ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಇದ್ದೇ ಇರುತ್ತಿತ್ತು. ಒಂದರ ಹಿಡಿಯನ್ನು ಅಂಗೈಗೆ ತಕ್ಕಂತೆ ಹಿಂದೆ ಮುಂದೆ ಸರಿಸಬಹುದಂತೆ. ಇನ್ನೊಂದರ ಟ್ರಿಗರ್ ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ತಿರುಪು ತಿರುಗಿಸಿಕೊಳ್ಳಬಹುದಂತೆ. ಮತ್ತೊಂದರ ನಳಿಗೆ ಕೈಗೆ ತೀರ ಹತ್ತಿರ ಕೂತಿರುವುದರಿಂದ ಗುಂಡು ಹಾರಿದಾಗ ಮೂತಿ ಮೇಲಕ್ಕೇಳುವುದೇ ಕಡಿಮೆಯಂತೆ. ಗುರಿ ನೋಡುವಲ್ಲಿ ಕೆಂಪು ಚುಕ್ಕೆ ಮೂಡುವ ಗಾಜು ಬೇರೆ ಬಂದಿತ್ತು. ಇವರ ಪಂದ್ಯದಲ್ಲಿ ಅದಕ್ಕೆ ಅವಕಾಶವೇ ಇಲ್ಲ, ಆದರೂ ಅದರ ಮಾತೇ ಎಲ್ಲಕ್ಕಿಂತ ಹೆಚ್ಚು.

ಶಿವಲೀಲಾಳ ಕಷ್ಟ ಬೇರೆ. ಗುರುಗಳ ಪಿಸ್ತೂಲಿನ ಹಿಡಿ ಅಕ್ರೋಟು ಮರದ್ದು. ಅವರೇ ಮರ ಉಜ್ಜುವ ಅರ ಹಿಡಿದು ಉಜ್ಜಿ ತಮ್ಮ ಅಂಗೈಗೆ ಹೊಂದಿಸಿಕೊಂಡದ್ದು. ಹೆಬ್ಬೆರಳು ಕೂರುವಲ್ಲಿ ಅವರ ಹೆಬ್ಬೆರಳಿನಷ್ಟೇ ಒಂದು ತಗ್ಗು. ಅವಳ ಕೈ ಚಿಕ್ಕದು. ಆ ತಗ್ಗಿಗೆ ಹೆಬ್ಬೆರಳು ಮುಟ್ಟಿಸಲು ಹೋದರೆ ಮಣಿಕಟ್ಟು ಒಂದಿಷ್ಟು ತಿರುಗುತ್ತಿತ್ತು, ಗುಂಡು ಎಡಕ್ಕೆ ಬೀಳುತ್ತಿತ್ತು. ಮುಂದಿನ ತಿಂಗಳು ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆ. ಕಿರಿಯರ ಸಾಲಿನಲ್ಲಿ ನಿಲ್ಲುವ ಅವಳ ವಯಸ್ಸು ಈ ವರ್ಷಕ್ಕೆ ಮುಗಿಯುತ್ತಿತ್ತು. ಹೀಗೇ ಹೊಡೆದರೆ ಅವಳನ್ನು ಯಾರೂ ಆರಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಆದರೂ ಬೆರಳು ಆ ತಗ್ಗಿಗೆ ತಾಗಿದಾಗ, ಗುರುಗಳು ಹಿಂದೆ ನಿಂತು ಉಸಿರು ಬಿಡು, ಅವಸರ ಬೇಡ ಎನ್ನುತ್ತಿದ್ದ ದಿನಗಳು ಮರಳಿ ಬಂದಂತಾಗುತ್ತಿತ್ತು. ಈಗ ಅವರು ಹಿಂದೆ ನಿಲ್ಲುತ್ತಿರಲಿಲ್ಲ. ಕುರ್ಚಿಯಲ್ಲೇ ಕೂತು ನೋಡುತ್ತಿದ್ದರು. ಆ ದಿನಗಳಿಗಾಗಿ ಅವಳ ಜೀವ ಹಂಬಲಿಸುತ್ತಿತ್ತು. ಹೊಸದು ಕೊಂಡರೆ ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸಬಹುದು ಎಂದು ಅವಳು ಲೆಕ್ಕ ಹಾಕಿದ್ದಳು. ಪಿಸ್ತೂಲನ್ನು ಬಿಟ್ಟಂತಾಗಬೇಕು, ಗುರುವನ್ನು ಬಿಟ್ಟಂತಾಗಬಾರದು. ಅದಕ್ಕಾಗಿಯೇ ಈ ಪ್ರಶ್ನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬೈಸಿಕೊಳ್ಳಲು ಅವಳು ತಯಾರಾಗಿಯೇ ಬಂದಿದ್ದಳು. ಗುರುಗಳು ಬೈಯಲಿಲ್ಲ. ಕೆಲವು ಸಲ ನೆಲ ಡೊಂಕೇ ಇರುತ್ತದೆ ಎಂದರು. ಹೊಸ ಪಿಸ್ತೂಲುಗಳೂ ಒಳ್ಳೆಯವೇ ಎಂದರು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ಗುರಿಕಾರನಿದ್ದ. ಅವನಿಗೊಬ್ಬ ಗುರು. ಗುರು ತೀರಿಕೊಳ್ಳುವ ಮುಂಚೆ ತನ್ನ ಪಿಸ್ತೂಲನ್ನು ಶಿಷ್ಯನ ಕೈಗಿಟ್ಟ. ಅದರ ಹಿಡಿಯೂ ಮರದ್ದು, ಗುರುವಿನ ಕೈಗೆ ಹೊಂದಿಸಿದ್ದು.

ಶಿಷ್ಯ ಅದನ್ನೇ ಹಿಡಿದು ಪಂದ್ಯಕ್ಕೆ ನಿಂತ. ಗುಂಡು ಗುರಿಗೆ ಕೂರಲಿಲ್ಲ. ಜನ ಹೊಸದು ತಗೋ ಎಂದರು. ತಗೊಂಡ. ಅದರ ಟ್ರಿಗರ್ ಬೆಣ್ಣೆಯಂತಿತ್ತು, ಆದರೆ ಕೈ ಒಪ್ಪಲಿಲ್ಲ. ಅದನ್ನು ಮಾರಿ ಇನ್ನೊಂದು ತಂದ. ಅದರ ಹಿಡಿಗೆ ಬೇಕಾದಷ್ಟು ತಿರುಪುಗಳಿದ್ದವು. ಎಲ್ಲವನ್ನೂ ತಿರುಗಿಸಿ ನೋಡಿದ. ಪೇಟೆಗೆ ಹೊಸದೊಂದು ಬಂತೆಂದರೆ ಅದನ್ನು ಹಿಡಿದು ನೋಡುವವರೆಗೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಇದರ ತೂಕ ಹೆಚ್ಚು, ಅದರ ಸದ್ದು ಬೇರೆ, ಮತ್ತೊಂದರ ಮೂತಿ ಉದ್ದ. ತಪ್ಪು ಹುಡುಕಲು ಕೂತವನಿಗೆ ತಪ್ಪಿಗೇನು ಬರ? ಊರವರು ಅವನನ್ನು ಆಸೆಬುರುಕ ಎಂದರು. ಪಾಪ, ಅವನ ಆಸೆ ಒಂದೇ ಇತ್ತು. ಪ್ರತಿಯೊಂದು ಹೊಸ ಹಿಡಿಯಲ್ಲೂ ಅವನು ಸತ್ತ ಗುರುವಿನ ಹೆಬ್ಬೆರಳನ್ನು ಹುಡುಕುತ್ತಿದ್ದ. ಅದು ಯಾವ ಕಾರ್ಖಾನೆಯಲ್ಲಿ ಸಿಕ್ಕೀತು?

ಸಂಜೆಯಾದರೆ ಹಳೆಯ ಪಿಸ್ತೂಲನ್ನು ಹೊರಗೆ ತೆಗೆಯುತ್ತಿದ್ದ. ಗುಂಡು ತುಂಬುತ್ತಿರಲಿಲ್ಲ. ತಗ್ಗಿನಲ್ಲಿ ತನ್ನ ಹೆಬ್ಬೆರಳಿಟ್ಟು ಸುಮ್ಮನೆ ಕೂರುತ್ತಿದ್ದ. ಗುರು ಕೈ ಹಿಡಿದಂತಾಗುತ್ತಿತ್ತು. ಕೆಲವು ದಿನ ಅಳುತ್ತಿದ್ದ.

ಅವನ ಕಷ್ಟ ನೋಡಲಾರದೆ ಗೆಳೆಯನೊಬ್ಬ ಬುದ್ಧಿ ಹೇಳಿದ. ಆ ಹಿಡಿಯನ್ನೇ ನಿನ್ನ ಕೈಗೆ ತಕ್ಕಂತೆ ಉಜ್ಜಿಕೋ, ಬೇಕಾದಲ್ಲಿ ತಗ್ಗು ತುಂಬುವ ಪುಟ್ಟಿ ಮೆತ್ತಿಕೋ, ಗುರಿಕಾರರೆಲ್ಲ ಮಾಡುವುದು ಅದನ್ನೇ ತಾನೆ ಎಂದ.

"ಗುರುವಿನ ಕೈ ಕಡಿ ಅಂತೀಯೇನು?" ಎಂದು ಶಿಷ್ಯ ಕೇಳಿದ. ಅಂದಿನಿಂದ ಅವನ ಜೊತೆ ಮಾತು ಬಿಟ್ಟ.

ಮಹಾನವಮಿ ಬಂತು. ಖಂಡೇಪೂಜೆಯ ದಿನ ಆಯುಧಗಳನ್ನು ತೊಳೆದು ಪೂಜಿಸುವುದು ಪದ್ಧತಿ. ಕತ್ತಿ ಕುಡುಗೋಲಿಗೆ ಅದು ಸರಿ. ಇವನು ಮರದ ಹಿಡಿಯನ್ನು ಪಿಸ್ತೂಲಿನಿಂದ ಬಿಚ್ಚಿ ನೀರಿನಲ್ಲಿ ತೊಳೆದ. ಹೆಬ್ಬೆರಳಿನ ತಗ್ಗಿನ ತುಂಬ ಒದ್ದೆ ಕುಂಕುಮ ಮೆತ್ತಿದ. ಹೂವೇರಿಸಿ, ಕೈಮುಗಿದು, ಒಣಗಲೆಂದು ಬಿಸಿಲಿಗಿಟ್ಟ. ವರ್ಷ ವರ್ಷವೂ ಹಾಗೇ ಮಾಡಿದ. ಮರಕ್ಕೆ ಭಕ್ತಿ ತಿಳಿಯುತ್ತದೆಯೇ? ಅದು ನೀರು ಕುಡಿದು ಉಬ್ಬಿತು, ಬಿಸಿಲಿಗೆ ಸೊರಗಿತು. ಒಂದು ಮಹಾನವಮಿಯಂದು ಆ ತಗ್ಗಿನ ನಡುವೆಯೇ ಬಿರುಕು ಬಿಟ್ಟು ಚಕ್ಕೆಯೊಂದು ಎದ್ದು ಬಂತು.

ಶಿಷ್ಯನ ಎದೆ ಒಡೆಯಿತು. ಪೂಜೆ ಮಾಡಿಯೇ ಗುರುವನ್ನು ಇನ್ನೊಂದು ಸಲ ಕಳೆದುಕೊಂಡೆನಲ್ಲ ಎಂದು ಹಣೆ ಹಣೆ ಬಡಿದುಕೊಂಡ. ಮತ್ತೆ ಅಂಟಿಸೋಣವೆಂದು ಚಕ್ಕೆಯನ್ನು ಕೈಗೆತ್ತಿಕೊಂಡ. ನೋಡಿದರೆ ಅದು ಮರವಲ್ಲ, ಮರದ ಬಣ್ಣ ಬಳಿದ ಹಳೆಯ ಪುಟ್ಟಿ. ಅದು ಎದ್ದುಬಂದ ಜಾಗದಲ್ಲಿ, ಅಡಿಯ ನಿಜವಾದ ಮರದಲ್ಲಿ, ಇನ್ನೊಂದು ತಗ್ಗಿತ್ತು. ಅದು ಗುರುವಿನ ಹೆಬ್ಬೆರಳಿಗಿಂತ ಅಗಲವಾಗಿತ್ತು. ಯಾರದೋ ದಪ್ಪ ಹೆಬ್ಬೆರಳು ಬಹಳ ಕಾಲ ಕೂತು ಆ ಜಾಗವನ್ನು ನುಣುಪು ಮಾಡಿತ್ತು.

ಈ ಪಿಸ್ತೂಲು ತನಗೆ ತನ್ನ ಗುರುವಿನಿಂದ ಬಂದದ್ದೆಂದು ಗುರು ಹೇಳುತ್ತಿದ್ದುದು ಶಿಷ್ಯನಿಗೆ ಆಗ ನೆನಪಾಯಿತು. ಆ ಹಿರಿಯನ ಹೆಸರೆತ್ತಿದಾಗಲೆಲ್ಲ ಗುರುವಿನ ಕಣ್ಣು ಒದ್ದೆಯಾಗುತ್ತಿತ್ತು. ಆ ಹಿರಿಯನ ಹೆಬ್ಬೆರಳಿನ ಮೇಲೆ ಪುಟ್ಟಿ ಮೆತ್ತಿ, ಅದರಲ್ಲೇ ತನ್ನ ಬೆರಳಿಗೆ ಜಾಗ ಮಾಡಿಕೊಂಡವನೂ ಅದೇ ಗುರು.

ಫಕೀರಪ್ಪನವರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿವಲೀಲಾ ಪಿಸ್ತೂಲಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಮೇಲೆ ಅವನು ಏನು ಮಾಡಿದ ಎಂದು ಕೇಳಿದಳು. ಅದು ಅವನ ಪಾಡು ಎಂದರು ಗುರುಗಳು. ಪೆಟ್ಟಿಗೆ ತೆರೆಯಲು ಹೇಳಿದರು. ಅವಳು ತೆರೆದಳು. ಅವರು ಕೈ ಚಾಚಿ ಹಿಡಿಯನ್ನು ಮುಟ್ಟಿದರು. ಹೆಬ್ಬೆರಳು ತಾನಾಗಿಯೇ ತನ್ನ ತಗ್ಗಿಗೆ ಹೋಯಿತು. ಅಲ್ಲಿಯೂ ಅದು ನಡುಗುತ್ತಲೇ ಇತ್ತು. ಅವರು ಅದನ್ನು ಬೇಗ ತೆಗೆಯಲಿಲ್ಲ. ಆ ದಿನಗಳ ಹಂಬಲ ತನಗಿಂತ ಅವರಿಗೇ ಹೆಚ್ಚು ಎಂದು ಶಿವಲೀಲಾಳಿಗೆ ಮೊದಲ ಸಲ ತಿಳಿಯಿತು.

ಇಷ್ಟು ದಿನ ಬಚ್ಚಿಟ್ಟದ್ದು ಹೊರಗೆ ಬಂತು.

"ಈ ಹಿಡಿ ನನ್ನ ಕೈಗೆ ಕೂಡಂಗಿಲ್ರಿ ಗುರುಗಳ. ಆದ್ರ ಇದಕ್ಕ ಅರಾ ಹಚ್ಚೂದು ನನ್ನ ಕಡಿಂದ ಆಗೂದಿಲ್ಲ. ನಿಮ್ಮ ಹೆಬ್ಬಟ್ಟು ಐತಿ ಅಲ್ಲಿ."

ಫಕೀರಪ್ಪನವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅಂಗಿಯ ಜೇಬಿನಿಂದ ಮರ ಉಜ್ಜುವ ಹಳೆಯ ಅರವೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು. ಅವಳು ಹೊಸ ಪಿಸ್ತೂಲಿನ ಪ್ರಶ್ನೆ ಕೇಳುವ ಮೊದಲೇ ಅದು ಅವರ ಜೇಬಿನಲ್ಲಿತ್ತು.

"ನನ್ನ ಕೈ ಅಲ್ಲೇ ಇದ್ರ, ನಿನ್ನ ಕೈ ಎಲ್ಲಿಡ್ತಿ ತಂಗಿ?"