ಒಂದೇ ಸಂಖ್ಯೆಯ ಎರಡು ಕಾರ್ಡುಗಳು

“ಗುರುಗಳೇ, ಒಂದು ಮನೆಯಲ್ಲಿ ಇಬ್ಬರ ದುಃಖಕ್ಕೆ ಜಾಗವಿಲ್ಲವೇ?” ಎಂದು ವಿಮಲಾಕ್ಷಿ ಕೇಳಿದಳು.

ಅವಳ ಗಂಡ ತೀರಿಕೊಂಡದ್ದು ಎಲ್ಲ ಬುಧವಾರಗಳಂಥದೇ ಒಂದು ಬುಧವಾರ. ತಿಂಡಿ ತಿಂದು ಚಪ್ಪಲಿ ಮೆಟ್ಟಿಕೊಂಡು ಹೊರಟವನು ಬಾಗಿಲಲ್ಲೇ ಕುಸಿದಿದ್ದ. ಅಂದಿನಿಂದ ಮಗಳು ಶಾಲೆಯಿಂದ ಬಂದೊಡನೆ ಅತ್ತೆ ಒಂದು ಕಡೆಯಿಂದ, ಇವಳು ಇನ್ನೊಂದು ಕಡೆಯಿಂದ ಕೈ ಚಾಚುತ್ತಿದ್ದರು. ಮಗು ಯಾರ ಬಳಿಗೂ ಹೋಗದೆ ನಡುಮನೆಯಲ್ಲಿ ನಿಂತುಬಿಡುತ್ತಿತ್ತು. ಈಚೆಗೆ ಮಾತನ್ನೇ ಬಿಟ್ಟಿತ್ತು.

“ಅತ್ತೆಯನ್ನು ನಾದಿನಿಯ ಮನೆಗೆ ಕಳಿಸೋಣ ಎಂದಿದ್ದೇನೆ.”

ಗುರುಗಳು ಕತೆ ಹೇಳಿದರು.

ಒಬ್ಬ ಮುದ್ರಕನಿದ್ದ. ಅವನ ಕಂಪ್ಯೂಟರಿನಲ್ಲಿ ಚಿತ್ರ ಓದಿಕೊಳ್ಳುವ ಹಳೆಯ ಕಾರ್ಡೊಂದಿತ್ತು. ಪಕ್ಕದ ಕಂಪ್ಯೂಟರಿನೊಡನೆ ಅದನ್ನು ಜೋಡಿಸಲು ಹೊಸ ಕಾರ್ಡೊಂದನ್ನು ಹಾಕಿಸಿದ. ಅಂದಿನಿಂದ ಕೆಲಸದ ನಡುವೆ ಅವನ ಯಂತ್ರ ಮಂಕು ಬಡಿದಂತೆ ನಿಲ್ಲತೊಡಗಿತು. ರಿಪೇರಿಯವನು ಬಂದು ಹಳೆಯದನ್ನು ತೆಗೆದ. ಹೊಸದು ಸರಿಯಾಗಿ ನಡೆಯಿತು. ಹೊಸದನ್ನು ತೆಗೆದ, ಹಳೆಯದೂ ನಡೆಯಿತು.

“ಎರಡರಲ್ಲೂ ದೋಷವಿಲ್ಲ ಯಜಮಾನರೇ. ಕೆಲಸ ಬಿದ್ದಾಗ ಪ್ರತಿ ಕಾರ್ಡೂ ತನ್ನ ಸಂಖ್ಯೆಯಿಂದ ಯಂತ್ರವನ್ನು ಕರೆಯುತ್ತದೆ. ಇವೆರಡೂ ಐದನ್ನೇ ಹಿಡಿದಿವೆ. ಕರೆದದ್ದು ಯಾರೆಂದು ತಿಳಿಯದೆ ಅದು ನಿಂತುಬಿಡುತ್ತದೆ.”

“ಹಾಗಾದರೆ ಆ ಹಳೇ ಮುದುಕನನ್ನು ಸರಿಸಯ್ಯಾ. ಎಷ್ಟು ದಿನ ಅಲ್ಲೇ ಬೇರು ಬಿಟ್ಟಿರುತ್ತಾನೆ?”

“ಅದರ ಸಂಖ್ಯೆಯನ್ನು ಕಾರ್ಖಾನೆಯಲ್ಲೇ ಬೆಸೆದಿದ್ದಾರೆ. ಸರಿಸಲು ಬರುವುದು ಹೊಸದನ್ನು ಮಾತ್ರ.”

ಹೊಸ ಕಾರ್ಡಿನ ಮೇಲೆ ಅದರ ಸಂಖ್ಯೆ ಗೊತ್ತುಮಾಡುವ, ಅಕ್ಕಿಕಾಳಿನಷ್ಟು ಪುಟ್ಟ ಮುಚ್ಚಳವೊಂದು ಎರಡು ಲೋಹದ ಸೂಜಿಗಳನ್ನು ಕೂಡಿಸಿ ಕುಳಿತಿತ್ತು. ರಿಪೇರಿಯವನು ಅದನ್ನು ಉಗುರಿನಿಂದ ಎತ್ತಿ ಪಕ್ಕದ ಸೂಜಿಗಳಿಗೆ ಹಾಕಿದ. ಹೊಸದರ ಸಂಖ್ಯೆ ಹತ್ತಾಯಿತು. ಯಂತ್ರ ಒಂದರ ಕರೆಗೂ ಓಗೊಟ್ಟಿತು, ಇನ್ನೊಂದರ ಕರೆಗೂ ಓಗೊಟ್ಟಿತು.

ಮುದ್ರಕ ಅವನ ಕೈ ಹಿಡಿದುಕೊಂಡ. “ಒಂದನ್ನು ಕಳೆದುಕೊಳ್ಳಲೇಬೇಕು ಎಂದುಕೊಂಡಿದ್ದೆ. ಎರಡನ್ನೂ ಉಳಿಸಿಕೊಟ್ಟೆಯಲ್ಲಪ್ಪ.”

ಕತೆ ಮುಗಿಯಿತು. ಗುರುಗಳು ಕೇಳಿದರು: “ನಿನ್ನ ಅತ್ತೆಗೆ ಈಗ ವಯಸ್ಸೆಷ್ಟು ತಾಯಿ?”

ವಿಮಲಾಕ್ಷಿ ಎದ್ದು, ಕಣ್ಣೊರೆಸಿಕೊಂಡು, ಗುರುಗಳ ಪಾದ ಮುಟ್ಟಿದಳು.

ಮರುದಿನ ಶಾಲೆ ಬಿಡುವ ಹೊತ್ತಿಗೆ ಅವಳು ನಡುಮನೆಗೆ ಬರದೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಳಗೆ ಮಗು ಅಜ್ಜಿಯ ಬಳಿ ನೀರು ಕೇಳಿತು.