ನೀಲಗಂಗಾಳಿಗೆ ಸಿಗದ ಮಗ್ಗ

ಇಳಕಲ್ಲಿನ ರಾಚಪ್ಪ ಸಾವುಕಾರರದು ಹನ್ನೆರಡು ಮಗ್ಗದ ಮನೆ. ಕೆಲಸ ಕೇಳಿ ಬಂದವರಿಗೆಲ್ಲ ಅಲ್ಲೊಂದು ಪರೀಕ್ಷೆ. ಇಳಕಲ್ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಬೇಕು. ಗೇಣಗಲ ಜೋಡಿಸಿ ತೋರಿಸಿದವರಿಗೆ ಮಗ್ಗ.

ಒಂದು ದಿನ ನೀಲಗಂಗಾ ಬಂದಳು. ಅಪ್ಪ ಹೆಸರಾಂತ ನೇಕಾರ. ಅವನು ತೀರಿಕೊಂಡ ಮೇಲೆ ಮನೆಯ ಮಗ್ಗ ಅಣ್ಣಂದಿರ ಪಾಲಾಗಿತ್ತು. ಆರು ತಿಂಗಳಿಂದ ಅವಳು ಲಾಳಿ ಮುಟ್ಟಿರಲಿಲ್ಲ. ಆದರೂ ಅವಳು ಜೋಡಿಸಿದ್ದನ್ನು ಬೆಳಕಿಗೆ ಹಿಡಿದ ಸಾವುಕಾರರು "ಶಾಭಾಸ್!" ಅಂದರು. ಆಮೇಲೆ ತಲೆಯೆತ್ತಿ ಮುಖ ನೋಡಿದರು ನೋಡಿ, ಅಲ್ಲಿಗೆ ಎಲ್ಲ ಕೆಟ್ಟಿತು. ಹುಡುಗಿ ಬಲು ಚೆಲುವೆ.

"ಬ್ಯಾಡವ್ವಾ. ಒಳಗ ಗಂಡಸರು ಅದಾರ. ನಾಳೆ ಯಾವನರ ಕೈ ಹಿಡದು ಎಳದ್ರ ನನ್ನ ಮರ್ಯಾದಿ ಏನಾಗಬೇಕು?"

"ನಾ ನೇಯಾಕ ಬಂದೀನ್ರಿ. ಎಳಿಯಾಂವ ಯಾರಂತ ನಿಮಗ ಗೊತ್ತಿದ್ರ, ಅವಂಗ ಹೇಳ್ರಿ."

ಗೊತ್ತಿಲ್ಲದೆ ಏನು! ಮಗ್ಗದ ಮನೆಯ ಮೇಸ್ತ್ರಿ ಮಲ್ಲೇಶಿ, ಸಾವುಕಾರರ ಹೆಂಡತಿಯ ಖಾಸಾ ತಮ್ಮ. ಅವನನ್ನು ಗದರಿದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಹುಡುಗಿಯನ್ನು ವಾಪಸು ಕಳಿಸುವುದು ಸುಲಭ. ಸಾವುಕಾರರು ಹಾಗೇ ಮಾಡಿದರು, ಅದನ್ನೇ ಜಾಣತನ ಅಂದುಕೊಂಡರು.

ಹೊಟ್ಟೆ ಕೇಳಬೇಕಲ್ಲ, ನೀಲಗಂಗಾ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಸೇರಿದಳು. ದಿನಾ ಸುತ್ತುಹಾಕಿಕೊಂಡು ಸಾವುಕಾರರ ಓಣಿಯಿಂದಲೇ ಹೋಗುವಳು. ಕಿಟಕಿಯ ಹತ್ತಿರ ನಿಂತು ಮಗ್ಗದ ಸದ್ದು ಕೇಳುವಳು. ಎಲ್ಲಿ ಎಳೆ ಹರಿಯಿತು ಅನ್ನುವುದು ಸದ್ದಿನಲ್ಲೇ ತಿಳಿಯುತ್ತಿತ್ತು. ಒಳಗೆ ಹೋಗಿ ಗಂಟು ಹಾಕಬೇಕು ಅಂತ ಜೀವ ಎಳೆಯುತ್ತಿತ್ತು, ಪಾಪ.

ಅವಳ ಬದಲಿಗೆ ಸಾವುಕಾರರು ಐವತ್ತು ದಾಟಿದ ಗುರುಬಸವ್ವನನ್ನು ಇಟ್ಟುಕೊಂಡರು. ಸಿಡುಬಿನ ಕಲೆಯ ಮುಖ. ಇನ್ನು ತಂಟೆಯಿಲ್ಲ ಅಂತ ನಿಶ್ಚಿಂತರಾದರು. ವರ್ಷ ತುಂಬುವ ಹೊತ್ತಿಗೆ ಆಕೆ ಹರಿದ ರವಿಕೆಯ ತೋಳು ಮುಚ್ಚಿಕೊಂಡು ಎದುರು ನಿಂತಳು.

"ನಿಮ್ಮ ಮಲ್ಲೇಶಿ ಕೆಲಸ ನೋಡ್ರಿ, ಸಾವುಕಾರ್ರ. ಅವಂಗ ಚಂದದ ಮುಖ ಬೇಕಂತ ತಿಳದೀರೇನು? ತನ್ನ ಕೇಳೋರು ಯಾರೂ ಇಲ್ಲಂತ ಗೊತ್ತೈತಿ, ಅಷ್ಟ ಸಾಕು."

ಸಾವುಕಾರರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೆಂಡತಿ ಎಷ್ಟು ಅತ್ತರೂ ಕೇಳದೆ ಅವತ್ತೇ ಮಲ್ಲೇಶಿಯನ್ನು ಹೊರಗೆ ಹಾಕಿದರು. ಗುರುಬಸವ್ವನ ಜೊತೆ ಪೊಲೀಸ್ ಠಾಣೆಗೂ ಹೋಗಿಬಂದರು. ಮರುದಿನ ನೀಲಗಂಗಾಳ ಮನೆ ಬಾಗಿಲಲ್ಲಿ ನಿಂತರು.

"ತಪ್ಪಾತವ್ವಾ. ಒಂದು ಮಗ್ಗ ಖಾಲಿ ಐತಿ, ಬಾ."

ಅವಳು ಓಡೋಡಿ ಬಂದಳು. ಮಗ್ಗದಲ್ಲಿ ಕೂತು ರೇಷ್ಮೆ ಎಳೆಗೆ ಕೈಹಾಕಿದಳು. ಕಲ್ಲು ತಿಕ್ಕಿ ತಿಕ್ಕಿ ಬೆರಳೆಲ್ಲ ಬಿರಿದಿದ್ದವು. ಎಳೆ ಚರ್ಮಕ್ಕೆ ಸಿಕ್ಕಿ ಹರಿಯಿತು. ಇನ್ನೊಂದು ಹಿಡಿದಳು, ಅದೂ ಹರಿಯಿತು. ಅಯ್ಯೋ, ಅವಳು ಅತ್ತ ಅಳು!

"ದಿನಾ ಎಣ್ಣಿ ಹಚ್ಚತೀನ್ರಿ. ಕೈ ಮೆತ್ತಗಾಗೋ ತನಕ ಇಲ್ಲಿ ಯಾರನ್ನೂ ಕೂಡಸಬ್ಯಾಡ್ರಿ. ಒಂದು ವರ್ಷ ನಾ ಕಾದೀನಿ. ಈಗ ನೀವು ಕಾಯ್ರಿ."

ಆ ಮಗ್ಗ ಖಾಲಿ ಇಟ್ಟುಕೊಂಡು ಸಾವುಕಾರರು ಇನ್ನೂ ಕಾಯುತ್ತಿದ್ದಾರೆ.

ನೀತಿ: ಚೆಲುವೆಯೆಂಬ ಕಾರಣಕ್ಕೆ ಕೆಲಸ ಬಲ್ಲವಳನ್ನು ಬಾಗಿಲಲ್ಲೇ ತಡೆದರೆ, ಕಾಟ ಕೊಡುವವನು ಒಳಗೇ ಉಳಿಯುತ್ತಾನೆ. ಕೆಲಸ ಕೊಡುವವರು ಮೊದಲು ಅವನನ್ನು ಹೊರಗೆ ಹಾಕಬೇಕು. ಅದಕ್ಕೆ ಅಂಜಿ ತಡ ಮಾಡಿದರೆ, ಕೆಡುವುದು ಇನ್ನೊಬ್ಬರ ಬದುಕು.